ಬಂಗಡೆ ಸಾರಿಗೆ ಉಪ್ಪಾಗೆ: ಬೈಸಿಕೊಂಡು ಕಲಿತದ್ದು

ನಮ್ಮ ಕುಮಟಾ ಕಡೆ ಬಂಗಡೆ ಸಾರಿನ ಹುಳಿ ಎಂದರೆ ಮುರುಗಲು, ಇಲ್ಲದಿದ್ದರೆ ಹುಣಸೆ, ಕೆಲವು ಮನೆಗಳಲ್ಲಿ ವಾಟೆಹುಳಿ. ಉಪ್ಪಾಗೆ, ಅಂದರೆ ಹುಳಿ ಕಾಡುಹಣ್ಣಿನ ಒಣಸಿಪ್ಪೆ, ಹಾಕಿ ಮಾಡುತ್ತೇನೆ ಎಂದಾಗ ಅತ್ತಿಗೆ, "ಹೊಗೆ ಹಿಡ್ದ ಸಿಪ್ಪೆ ಹಾಕಿರೆ ತಿನ್ನುಕೆ ಆತದಾ ಮಾರಾಯಾ?" ಎಂದು ನಕ್ಕಿದ್ದರು. ಈಗ ಅವರೇ ಡಬ್ಬಿ ಕಳಿಸಿ ಸಾರು ತರಿಸಿಕೊಳ್ಳುತ್ತಾರೆ. ಆದ್ದರಿಂದ ಬರೆಯುವ ಅಧಿಕಾರ ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲಿಲ್ಲ, ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲಿನ ಅಟ್ಟದಲ್ಲೇ ಒಣಗಿಸಬೇಕು. ಕಪ್ಪು ಬಣ್ಣ, ಹೊಗೆ ವಾಸನೆ ಎರಡೂ ಅಲ್ಲಿಂದಲೇ. ಕೇರಳದವರ ಕುಡಂಪುಳಿ ಇದೇ. ಶಿರಸಿಯಲ್ಲಿ ಕಿಲೋಕ್ಕೆ 200ರ ಆಚೀಚೆ ಕೊಟ್ಟ ನೆನಪು. ಒಂದು ಕಿಲೋ ನಮ್ಮ ಮನೆಗೆ ವರ್ಷ ಕಳೆದರೂ ಮುಗಿಯುವುದಿಲ್ಲ.

ಮೊದಲು ಮುರುಗಲಿನ ಹಾಗೆಯೇ ಕುದಿಯುವ ಮಸಾಲೆಗೆ ನೇರ ಹಾಕಿದೆ. ಸಾರು ಅಡಿಕೆ ಬೇಯಿಸುವ ಒಲೆಮನೆಯ ಹಾಗೆ ನಾತ ಹೊಡೆಯಿತು. ನೆನೆಸಿ ಮಸಾಲೆಯ ಜೊತೆ ರುಬ್ಬಿದರೆ ಬಣ್ಣ ಕೆಸರು, ಗಂಟಲಲ್ಲಿ ಒಗರು. ಅದೂ ಜೂನ್, ಜುಲೈನ ಮೀನುಗಾರಿಕೆ ಬಂದಿನಲ್ಲಿ. ಯಾಂತ್ರಿಕ ದೋಣಿ ಇಳಿಯದ ಆ 61 ದಿನ ಬಂಗಡೆ 100 ರೂಪಾಯಿಗೆ ಎರಡು ಬಂದರೆ ಪುಣ್ಯ. ಸೀಸನ್ನಿನಲ್ಲಾದರೆ ಅದೇ ದುಡ್ಡಿಗೆ ಐದಾರರ ಪಾಲು. ತೆಂಗಿನಕಾಯಿಯದೂ ಸೇರಿ ಒಂದೊಂದು ಪ್ರಯೋಗಕ್ಕೆ ಸುಮಾರು 350 ರೂಪಾಯಿ ನೀರು ಪಾಲು. ಆಮೇಲೆ ಸ್ವಲ್ಪ ಕಾಲ ಮೀನಿನ ದುಡ್ಡು ನನ್ನ ಕೈಗೆ ಬರಲಿಲ್ಲ, ಹೆಂಡತಿಯೇ ಪೇಟೆಗೆ ಹೋದಳು.

ಕೊನೆಗೆ ಕೈಗೆ ಹತ್ತಿದ್ದು ಎರಡು ನೀರಿನ ಲೆಕ್ಕ. ಆರೇಳು ಬಂಗಡೆಗೆ ಉಪ್ಪಾಗೆ ಸಿಪ್ಪೆಯ ಮೂರು ಎಸಳು ಸಾಕು, ದೊಡ್ಡದಿದ್ದರೆ ಎರಡೂವರೆ. ಮಸಿ ತೊಳೆದು, ಚಿಟಿಕೆ ಉಪ್ಪು ಹಾಕಿದ ಬಿಸಿನೀರಲ್ಲಿ ಹತ್ತು ನಿಮಿಷ ಬಿಟ್ಟು ಆ ನೀರು ಚೆಲ್ಲಿ. ಚಹಾದ ಬಣ್ಣದ ಆ ನೀರನ್ನು ಮೂಸಿದರೆ ಗೊತ್ತಾಗುತ್ತದೆ, ಹೊಗೆಯೆಲ್ಲ ಅದರಲ್ಲೇ ಇರುತ್ತದೆ. ಮತ್ತೆ ಹೊಸ ಬಿಸಿನೀರಲ್ಲಿ ಅರ್ಧ ಗಂಟೆ. ಸಾರಿಗೆ ಹೋಗುವುದು ಈ ಎರಡನೇ ನೀರು, ಜೊತೆಗೆ ಉದ್ದಕ್ಕೆ ಸೀಳಿದ ಎಸಳು.

ಮಸಾಲೆ ನಿಮಗೆ ಹೇಳಿಕೊಡಬೇಕಿಲ್ಲ. ಕಾಯಿ ಮಾತ್ರ ಒಂದು ಹಿಡಿ ಹೆಚ್ಚಿರಲಿ, ಇಲ್ಲವಾದರೆ ಹುಳಿ ಒಂಟಿಯಾಗಿ ನಿಲ್ಲುತ್ತದೆ. ಬ್ಯಾಡಗಿಯ ಜೊತೆ ನಾನು ಹುರಿದು ಹಾಕುವ ಇನ್ನೊಂದು ವಸ್ತು ಇದೆ, ಅರ್ಧ ಚಮಚ. ಅದನ್ನು ಅತ್ತಿಗೆಗೂ ಹೇಳಿಲ್ಲ. ಮಸಾಲೆ ಹುಳಿನೀರಿನ ಜೊತೆ ಚೆನ್ನಾಗಿ ಕುದ್ದ ಮೇಲೆಯೇ ಮೀನು. ಸೌಟು ಹಾಕದೆ, ಬಟ್ಟೆಯಲ್ಲಿ ಗಡಿಗೆ ಹಿಡಿದು ತಿರುಗಿಸಿ. ಇಳಿಸುವ ಹೊತ್ತಿಗೆ ತೆಪ್ಪಲ, ಅಂದರೆ ನಾಲಿಗೆ ಜುಮ್ಮೆನಿಸುವ ಕಾಳುಮೆಣಸಿನಂಥ ಕಾಯಿ: ಕಪ್ಪು ಬೀಜ ತೆಗೆದ ಎಂಟು ಹತ್ತು ಸಿಪ್ಪೆ ಜಜ್ಜಿ, ಮೇಲೊಂದು ಚಮಚ ಕೊಬ್ಬರಿ ಎಣ್ಣೆ. ಮುಚ್ಚಳ ಹಾಕಿ ಒಂದು ಗಂಟೆಯಾದರೂ ಬಿಡಿ.

ಹುಳಿ ರಾತ್ರಿಯಿಡೀ ಏರುತ್ತದೆ, ಇದನ್ನು ಮರೆತವರೇ ಉಪ್ಪಾಗೆಯನ್ನು ಬೈಯುವುದು. ಒಲೆಯ ಮೇಲೆ ರುಚಿ ನೋಡಿದಾಗ 'ಇನ್ನೂ ಸ್ವಲ್ಪ ಬೇಕಿತ್ತು' ಅನ್ನಿಸಬೇಕು. ಮಲಗುವ ಮುಂಚೆ ಎಸಳನ್ನು ತೆಗೆದುಬಿಡಿ. ಮರುದಿನ ಕುಚ್ಚಲಕ್ಕಿ ಗಂಜಿಗೆ ಆ ಸಾರು ಹಾಕಿಕೊಂಡರೆ, ಹೇಳುವುದೇನು, ಮುರುಗಲಿನದು ಸಪ್ಪೆ ಅನ್ನಿಸುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ.

ನಡುವೆ ಬೇರೆ ಮೀನಿಗೂ ಕೈ ಹಾಕಿದ್ದೆ. ತಾರ್ಲೆಗೆ (ಬೂತಾಯಿ) ಬಹಳ ಒಪ್ಪುತ್ತದೆ, ತೆಪ್ಪಲ ಎರಡು ಹೆಚ್ಚು ಬೇಕು. ಶೆಟ್ಲಿಯ (ಸಿಗಡಿ) ಸಿಹಿ ಸತ್ತೇ ಹೋಯಿತು. ಅಘನಾಶಿನಿ ಹೊಳೆಯ ಬಳಚಿಗೆ (ಚಿಪ್ಪುಮೀನು) ಹಾಕಿ ನೋಡಿದೆ, ಬೇಡವೇ ಬೇಡ, ಅಲ್ಲಿ ಹುಳಿಗೆ ಬಿಂಬಲಕಾಯಿಯೇ ಸರಿ. ಒಣಮೀನಿನದು ಇನ್ನೂ ಪಳಗಿಲ್ಲ, ಉಪ್ಪು ಹುಳಿ ಎರಡೂ ಜಗಳವಾಡುತ್ತಿವೆ.

ಕೊಳ್ಳುವಾಗ ಎಸಳು ಬಗ್ಗಿಸಿ ನೋಡಿ. ಚಕ್ಕನೆ ಮುರಿದರೆ ಹಳೆಯದು, ಬಗ್ಗಿದರೆ ತೆಗೆದುಕೊಳ್ಳಿ. ಮನೆಗೆ ತಂದು ಉಪ್ಪು, ಕೊಬ್ಬರಿ ಎಣ್ಣೆ ಸವರಿ ಭರಣಿಗೆ ತುಂಬಿ. ನಮ್ಮದಕ್ಕೆ ಸಾಣಿಕಟ್ಟೆಯ ಹರಳುಪ್ಪು, ಈ ಮಳೆಗಾಲದಲ್ಲೂ ಬೂಸು ಹಿಡಿಯಲಿಲ್ಲ.