ನಲ್ಲಿ ಬರುವ ಮುಂಚೆ ಟೋಲಿನ ಸಭೆ

ನಾನು ಕುಡಿಯುವ ನೀರಿನ ಎಂಜಿನಿಯರ್. 2015ರ ಭೂಕಂಪದಲ್ಲಿ ಹಾಳಾದ ನೀರಿನ ಯೋಜನೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆಂದು ನೇಪಾಳದ ರಸುವಾ ಜಿಲ್ಲೆಗೆ ಹೋದೆ. ಟಿಬೆಟ್ ಗಡಿಗೆ ಅಂಟಿಕೊಂಡ ಜಿಲ್ಲೆ ಅದು. ಹೆಚ್ಚಿನವರು ತಾಮಾಂಗ್ ಜನ. ಆ ಏಪ್ರಿಲ್ 25ರಂದು ಲಾಂಗ್‌ಟಾಂಗ್ ಹಳ್ಳಿ ಹಿಮ, ಬಂಡೆಗಳ ಅಡಿ ಹೂತುಹೋಗಿತ್ತು. ಬೇರೆ ಊರುಗಳಲ್ಲಿ ಒರತೆಗಳು ಬತ್ತಿದ್ದವು, ಇಲ್ಲವೇ ಜಾಗ ಬದಲಿಸಿದ್ದವು. ಪೈಪು ಎಳೆಯುವ ವಿದ್ಯೆ ನನಗೆ ಗೊತ್ತಿತ್ತು. ಅಲ್ಲಿ ಹೊಸದಾಗಿ ಕಲಿತದ್ದು ಒಂದು ಟೋಲಿನ, ಅಂದರೆ ಊರಿನ ಒಂದು ಕೇರಿಯ, ಬೇಡಿಕೆಯನ್ನು ಬಜೆಟ್ಟಿನವರೆಗೆ ಮುಟ್ಟಿಸುವ ದಾರಿ.

ರಸುವಾದಲ್ಲಿ ನಗರಪಾಲಿಕೆಯೇ ಇಲ್ಲ, ಇರುವುದು ಐದು ಗಾಂವ್‌ಪಾಲಿಕೆ, ಅಂದರೆ ಹಳ್ಳಿಗಾಡಿನ ಸ್ಥಳೀಯ ಸರ್ಕಾರ. ದೇಶದ 753 ಸ್ಥಳೀಯ ಸರ್ಕಾರಗಳಲ್ಲಿ 460 ಇಂಥವೇ. 1997ರ ನಂತರ ಹಳ್ಳಿಗಳಲ್ಲಿ ಸ್ಥಳೀಯ ಚುನಾವಣೆ ನಡೆದದ್ದೇ 2017ರಲ್ಲಿ. ನಮ್ಮ ಗ್ರಾಮ ಪಂಚಾಯಿತಿಯ ಲೆಕ್ಕದಲ್ಲಿ ಇದನ್ನು ಅಳೆಯಬಾರದು. ಗಾಂವ್‌ಪಾಲಿಕೆಯ ಸಭೆ ಕಾನೂನು ಮಾಡುತ್ತದೆ, ಹೈಸ್ಕೂಲುಗಳೂ ಅದರ ಕೈಯಲ್ಲೇ. ಆದರೆ ಜನರಿಗೆ ಸರ್ಕಾರ ಅಂದರೆ ವಾರ್ಡ್ ಕಚೇರಿ. ಹುಟ್ಟು, ಸಾವು, ಮದುವೆ ನೋಂದಣಿ, ಪೌರತ್ವಕ್ಕೆ ಬೇಕಾದ ಸಿಫಾರಿಸು ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಒಬ್ಬ ವಾರ್ಡ್ ಅಧ್ಯಕ್ಷ, ನಾಲ್ವರು ಸದಸ್ಯರು. ನಾಲ್ವರಲ್ಲಿ ಇಬ್ಬರು ಮಹಿಳೆಯರು, ಅವರಲ್ಲಿ ಒಬ್ಬರು ದಲಿತರು.

ನಾನು ಕೆಲಸವನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಶುರುಮಾಡಿದೆ. ನೇಪಾಳಿ ಪಂಚಾಂಗದ ಅಸಾರ್ ತಿಂಗಳ 10ನೇ ತಾರೀಕಿನೊಳಗೆ, ಅಂದರೆ ಜೂನ್ ಕೊನೆಯ ವಾರದ ಹೊತ್ತಿಗೆ, ಬಜೆಟ್ಟು ಗಾಂವ್‌ಪಾಲಿಕೆಯ ಸಭೆಯ ಮುಂದೆ ಬರಬೇಕು. ಅದಕ್ಕೆ ಮುಂಚೆ ವಾರ್ಡಿನಲ್ಲಿ ಆದ್ಯತೆಯ ಪಟ್ಟಿ ಆಗಬೇಕು, ಅದಕ್ಕೂ ಮುಂಚೆ ಟೋಲಿನ ಸಭೆ. ಆ ಸಭೆಯ ಪುಸ್ತಕದಲ್ಲಿ ಬರೆಯದ ಬೇಡಿಕೆಯನ್ನು ಮುಂದೆ ಯಾರ ಶಿಫಾರಸ್ಸಿನಿಂದಲೋ ತುರುಕಬಹುದು, ಹಾಗೆ ನಡೆಯುತ್ತದೆ ಕೂಡ. ನನಗೆ ಆ ದಾರಿ ಬೇಡವಾಗಿತ್ತು.

ಅಲ್ಲಿನ ಗಂಡುಮಕ್ಕಳಲ್ಲಿ ಎಷ್ಟೋ ಜನ ಮಲೇಷ್ಯಾ, ಕತಾರ್‌ಗಳಲ್ಲಿ ದುಡಿಯುತ್ತಾರೆ. ನೀರು ಹೊರುವವರು ಹೆಂಗಸರು, ಆದರೆ ಸಭೆಯಲ್ಲಿ ಮಾತಾಡುವವರು ಊರಲ್ಲಿ ಉಳಿದ ನಾಲ್ಕು ಗಂಡಸರು. ಸಭೆಯನ್ನು ನೇಪಾಳಿಯ ಬದಲು ತಾಮಾಂಗ್ ಭಾಷೆಯಲ್ಲಿ ನಡೆಸಿಕೊಡಿ ಎಂದು ವಾರ್ಡಿನ ಮಹಿಳಾ ಸದಸ್ಯೆಯನ್ನು ಕೇಳಿಕೊಂಡೆ. ದನ ಕಟ್ಟಿ, ಒಲೆ ಆರಿಸಿದ ಮೇಲಿನ ಹೊತ್ತು ನಿಗದಿ ಮಾಡಿದೆವು. ಅವತ್ತು ಹೆಂಗಸರು ಬಾಯಿಬಿಟ್ಟರು. ಚಳಿಗಾಲದಲ್ಲಿ ಯಾವ ಒರತೆ ಹೆಪ್ಪುಗಟ್ಟುತ್ತದೆ ಎಂಬುದು ನನಗೆ ತಿಳಿದದ್ದು ಅವರಿಂದಲೇ. ಪುಸ್ತಕದಲ್ಲಿ ‘ನೀರು ಬೇಕು’ ಎಂದಷ್ಟೇ ಬರೆದರೆ ವಾರ್ಡಿನ ಪಟ್ಟಿಯಲ್ಲಿ ಅದು ನಿಲ್ಲುವುದಿಲ್ಲ. ಮನೆಗಳೆಷ್ಟು, ಒರತೆ ಎಲ್ಲಿ, ಅಂದಾಜು ಖರ್ಚೆಷ್ಟು, ಊರವರು ಮಾಡುವ ಶ್ರಮದಾನ ಎಷ್ಟು ಎಂಬುದನ್ನೆಲ್ಲ ಬರೆಸಿದೆ.

ಅಷ್ಟರಲ್ಲಿ ಮೇಲಿನ ಟೋಲಿನವರು ಒರತೆ ತಮ್ಮದು ಎಂದು ತಡೆದರು. ಇಂಥ ಜಗಳಕ್ಕೆಂದೇ ನೇಪಾಳದ ಸಂವಿಧಾನದ 217ನೇ ವಿಧಿ ನ್ಯಾಯಿಕ ಸಮಿತಿಯನ್ನು ಕೊಟ್ಟಿದೆ. ಮೂವರ ಸಮಿತಿ, ಮುಖ್ಯಸ್ಥರು ಗಾಂವ್‌ಪಾಲಿಕೆಯ ಉಪಾಧ್ಯಕ್ಷರು. ಒಂದೇ ಪಕ್ಷ ಅಧ್ಯಕ್ಷ, ಉಪಾಧ್ಯಕ್ಷ ಎರಡಕ್ಕೂ ಅಭ್ಯರ್ಥಿ ಹಾಕಿದರೆ ಒಬ್ಬರು ಮಹಿಳೆಯಾಗಿರಬೇಕೆಂಬ ನಿಯಮದಿಂದ ಹೆಚ್ಚಿನ ಕಡೆ ಉಪಾಧ್ಯಕ್ಷೆಯರೇ ಇದ್ದಾರೆ. ಬಜೆಟ್ ರೂಪಿಸುವ ಸಮಿತಿಗೂ ಅವರೇ ಸಂಚಾಲಕರು. ನನ್ನ ಮಟ್ಟಿಗೆ ಗಾಂವ್‌ಪಾಲಿಕೆಯ ಅತಿ ಭಾರದ ಹುದ್ದೆ ಇದು, ಹೆಸರಿನಲ್ಲಿ ‘ಉಪ’ ಇದ್ದರೂ. ನಮ್ಮ ಉಪಾಧ್ಯಕ್ಷೆ ಎರಡೂ ಟೋಲಿನವರನ್ನು ಒರತೆಯ ಹತ್ತಿರವೇ ಕೂರಿಸಿದರು. ಟ್ಯಾಂಕು ತುಂಬಿ ಹರಿಯುವ ನೀರು ಮೇಲಿನವರ ಆಲೂಗಡ್ಡೆ ಹೊಲಕ್ಕೆ ಎಂದು ಒಪ್ಪಂದವಾಯಿತು. ಒಪ್ಪಂದ ಬರೆದು ಎರಡೂ ಕಡೆಯವರ ಹೆಬ್ಬೆಟ್ಟು ಹಾಕಿಸಿದರು.

ಆಮೇಲೆ ಲಾಂಗ್‌ಟಾಂಗ್ ರಾಷ್ಟ್ರೀಯ ಉದ್ಯಾನದ ಒಪ್ಪಿಗೆ. ಪೈಪು ಆ ಕಾಡಿನ ಅಂಚಿನಲ್ಲಿ ಹಾದುಹೋಗುತ್ತಿದ್ದರಿಂದ ಅರ್ಜಿಯನ್ನು ಬಜೆಟ್‌ಗೆ ಕಾಯದೆ ಮೊದಲೇ ಕೊಟ್ಟಿದ್ದೆವು. ಇನ್ನೊಂದು ಮುನ್ನೆಚ್ಚರಿಕೆ: ಗಾಂವ್‌ಪಾಲಿಕೆಯ ಮುಖ್ಯ ಆಡಳಿತಾಧಿಕಾರಿಗಳು ಕಾಠ್ಮಂಡುವಿನಿಂದ ನಿಯೋಜನೆಗೊಂಡು ಬರುವವರು, ದೇಶದ ಎಲ್ಲ ಕಡೆ ಅವರ ವರ್ಗಾವಣೆ ಬಹಳ ಬೇಗ. ಆದ್ದರಿಂದ ಪ್ರತಿ ಕಾಗದದ ಒಂದೊಂದು ಪ್ರತಿ ವಾರ್ಡಿನಲ್ಲೂ ಟೋಲಿನಲ್ಲೂ ಇರುವಂತೆ ನೋಡಿಕೊಂಡೆ.

ಕೆಲಸ ಮಾಡಿಸುವುದು ಉಪಭೋಕ್ತಾ ಸಮಿತಿ, ಅಂದರೆ ನೀರು ಕುಡಿಯುವವರದೇ ಸಮಿತಿ. ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳಲ್ಲಿ ಒಂದಾದರೂ ಅವರಿಗೆ ಸಿಗಬೇಕು. ಖಜಾಂಚಿಯನ್ನೇ ಮಹಿಳೆ ಮಾಡಿ ಎಂದು ನಾನು ಹಟ ಹಿಡಿದೆ. ತಿಂಗಳ ನೀರಿನ ಹಣ ಎತ್ತಿ, ನಲ್ಲಿ ನೋಡಿಕೊಳ್ಳುವವನಿಗೆ ಸಂಬಳ ಕೊಡಲು ವರ್ಷವಿಡೀ ಊರಲ್ಲಿ ಇರುವವರು ಬೇಕಲ್ಲ.