ಕಾಕಿನಾಡ ಕಡೆ ಮೋಡ ಕಟ್ಟಿದರೆ ನಮ್ಮ ಎರೆ ಹೊಲದಲ್ಲಿ ಕೆಲಸ ಶುರು

ಮಸ್ಕಿ ಕಡೆ ನಮ್ಮದು ಪೂರಾ ಎರೆ ಹೊಲ, ಅಂದರೆ ಕಪ್ಪು ಮಣ್ಣು. ಕಾಲುವೆ ನೀರಿಲ್ಲ. ಬಿಳಿಜೋಳ, ಕಡಲೆ, ಒಂದಿಷ್ಟು ತೊಗರಿ, ಎಲ್ಲವೂ ಮಳೆ ಮೇಲೆ. ರಾಯಚೂರು ಜಿಲ್ಲೆಗೆ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ. ಆದರೆ ಸರಾಸರಿ ನಂಬಿ ಬಿತ್ತಲು ಆಗುತ್ತದಾ? ಮುಂಗಾರಿ ಮೋಡ ಪಶ್ಚಿಮ ಘಟ್ಟದಲ್ಲೇ ಸುರಿದು, ನಮ್ಮ ಕಡೆ ಬರುವಷ್ಟರಲ್ಲಿ ಬರೀ ಗಾಳಿ ಉಳಿದಿರುತ್ತದೆ. ನಮಗೆ ಕೈ ಹಿಡಿಯುವುದು ಸೆಪ್ಟೆಂಬರ್, ಅಂದರೆ ಉತ್ತರಿ ಮಳೆ, ಆಮೇಲೆ ಹಸ್ತ, ಚಿತ್ತಿ. ಆಗ ಬೀಳುವ ದೊಡ್ಡ ಮಳೆ ಹೆಚ್ಚಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬರುವಂಥದ್ದು. ಹಾಗಾಗಿ ಹಿಂಗಾರಿ ಹೊತ್ತಿಗೆ ನಾನು ನಮ್ಮೂರ ಆಕಾಶಕ್ಕಿಂತ ಕೊಲ್ಲಿ ಕಡೆ ನೋಡುವುದೇ ಜಾಸ್ತಿ.

ಎಲ್ಲ ಚಂಡಮಾರುತವೂ ನಮ್ಮದಲ್ಲ. 2023ರ ಜೂನ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಎದ್ದಿತಲ್ಲ, ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ, ಇನ್ನೇನು ಮಳೆ ಬಂತು ಅಂತ ಊರಲ್ಲಿ ಎಲ್ಲರೂ ಬೀಜ ತಂದಿಟ್ಟುಕೊಂಡಿದ್ದರು. ಅದು ತೇವವನ್ನೆಲ್ಲ ತನ್ನ ಕಡೆ ಎಳೆದುಕೊಂಡು ಗುಜರಾತಿಗೆ ಹೋಯಿತು. ಮುಂಗಾರು ಒಳನಾಡಿಗೆ ಬರುವುದು ತಡವಾಯಿತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ಕರ್ನಾಟಕದ ಬಹುತೇಕ ಎಲ್ಲ ತಾಲ್ಲೂಕುಗಳೂ ಬರದ ಪಟ್ಟಿಗೆ ಸೇರಿದವು.

2020ರ ಅಕ್ಟೋಬರ್ ಇದಕ್ಕೆ ಪೂರಾ ಉಲ್ಟಾ. 13ನೇ ತಾರೀಕು ಆಂಧ್ರ ಕರಾವಳಿಯ ಕಾಕಿನಾಡ ಹತ್ತಿರ ದಡ ಸೇರಿದ ವಾಯುಭಾರ ಕುಸಿತಕ್ಕೆ ಹೆಸರೇ ಇರಲಿಲ್ಲ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಚಂಡಮಾರುತ ಅಂತ ಹೆಸರಿಡುತ್ತಾರೆ. ಹೆಸರಿಲ್ಲದ ಅದೇ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಬಂತು. ಹೈದರಾಬಾದಿನಲ್ಲಿ ನೀರು ನುಗ್ಗಿತು, ಕಲಬುರಗಿ ಕಡೆ ಭೀಮಾ ನದಿ ಉಕ್ಕಿತು. ಅಲ್ಲಿಂದ ಮುಂದೆ ನಾನು ಹೆಸರಿಗೆ ಕಾಯುವುದಿಲ್ಲ. ದಡ ಎಲ್ಲಿ ಸೇರುತ್ತದೆ ಅನ್ನೋದೇ ಮುಖ್ಯ. ಮಚಲಿಪಟ್ಟಣ, ಕಾಕಿನಾಡದ ನಡುವೆ ದಡ ಸೇರಿ ಪಶ್ಚಿಮಕ್ಕೆ ಹೊರಟರೆ ಒಂದೆರಡು ದಿನದಲ್ಲಿ ನಮಗೆ ಮಳೆ ಅಂತ ಲೆಕ್ಕ ಹಾಕುತ್ತೇನೆ. ಒಡಿಶಾ ಕಡೆ ಹೋದರೆ ಆಸೆ ಬಿಡುತ್ತೇನೆ. ಹವಾಮಾನ ಇಲಾಖೆಯ ನಕ್ಷೆ ಮೊಬೈಲಿನಲ್ಲೇ ಸಿಗುತ್ತದೆ, ಮೇಘದೂತ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಕೃಷಿ ಸಲಹೆಯೂ ಬರುತ್ತದೆ.

ಆದರೆ ಮಳೆ ಬರುತ್ತದೆ ಅಂತ ಗೊತ್ತಾದ ಮೇಲೆ ಹೊಲಕ್ಕೆ ಓಡಿದರೆ ಪ್ರಯೋಜನ ಇಲ್ಲ. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಎರೆ ಮಣ್ಣು ಮೇಲೆ ನೆನೆದು ಅಂಟಾದರೆ ಒಳಗೆ ನೀರು ಇಳಿಯುವುದು ಬಹಳ ನಿಧಾನ, ಉಳಿದದ್ದೆಲ್ಲ ಮಣ್ಣು ಸಮೇತ ಹಳ್ಳಕ್ಕೆ. 2009 ನೆನಪಿದೆ ಅಲ್ವಾ? ಮುಂಗಾರಿ ಕೈಕೊಟ್ಟಿತ್ತು, ಹೊಲ ಬಿರುಕು ಬಿಟ್ಟಿತ್ತು, ಸೆಪ್ಟೆಂಬರ್ ಕೊನೆಗೆ ನಾಲ್ಕಾರು ದಿನದಲ್ಲಿ ರಾಯಚೂರು, ಬಾಗಲಕೋಟೆ, ವಿಜಯಪುರದಲ್ಲಿ ಊರೂರೇ ನೀರಲ್ಲಿ ನಿಂತವು. ಬರ ಮತ್ತು ನೆರೆ ಎರಡೂ ಒಂದೇ ವರ್ಷ. ಅಷ್ಟೆಲ್ಲ ನೀರು ಕಣ್ಣೆದುರೇ ಹರಿದು ಹೋಗಿದ್ದು ನನಗೆ ಇವತ್ತಿಗೂ ಸಂಕಟ.

ಅದಕ್ಕೇ ಜುಲೈ-ಆಗಸ್ಟ್‌ನಲ್ಲಿ, ಹೊಲ ಖಾಲಿ ಇರುವಾಗಲೇ, ಚೌಕು ಮಡಿ ಹಾಕಿಸುತ್ತೇನೆ. ಮೂರರಿಂದ ನಾಲ್ಕೂವರೆ ಮೀಟರಿನ ಸಣ್ಣ ಸಣ್ಣ ಚೌಕ, ಸುತ್ತ ಗೇಣೆತ್ತರದ ಬದು. ಬಿದ್ದ ನೀರು ಬಿದ್ದಲ್ಲೇ ನಿಂತು ಇಂಗುತ್ತದೆ. ಇಳಿಜಾರಿನ ಕೆಳಗೆ ಕೃಷಿ ಹೊಂಡ ಇದೆ, ಉಕ್ಕಿದ್ದು ಅಲ್ಲಿಗೆ. ಮಳೆ ನಿಂತು ಕಾಲಿಟ್ಟರೆ ಮಣ್ಣು ಅಂಟದ ಹದಕ್ಕೆ ಬಂದ ಕೂಡಲೇ ಮಡಿ ಒಡೆದು ಕುಂಟೆ ಹೊಡೆದು ಕೂರಿಗೆ ಹೂಡಿ ಬಿತ್ತುತ್ತೇವೆ. ಇಲ್ಲಿ ತಡ ಮಾಡಬಾರದು. ಹಸಿ ಆರಿತೋ, ಮೊಳಕೆ ಹೋಯಿತು. ಉತ್ತರಿ ಮಳೆಗೆ ಹದ ಸಿಕ್ಕರೆ ಮಾಲದಂಡಿ ಜೋಳ, ಅಕ್ಟೋಬರ್ ನಡುವಿನ ತನಕ ಜೋಳಕ್ಕೆ ತೊಂದರೆ ಇಲ್ಲ. ಅದು ದಾಟಿದರೆ ಕಡಲೆ. ಆಮೇಲೆ ಎಡೆ ಹೊಡೆಯುವುದನ್ನು, ಅಂದರೆ ಸಾಲುಗಳ ನಡುವೆ ಮಣ್ಣು ಸಡಿಲಿಸುವುದನ್ನು, ಬಿಡುವುದಿಲ್ಲ, ಕಳೆ ಇರಲಿ ಬಿಡಲಿ. ಮೇಲಿನ ಪುಡಿ ಮಣ್ಣು ಬಿರುಕು ಮುಚ್ಚುತ್ತದೆ, ಒಳಗಿನ ಹಸಿ ಉಳಿಯುತ್ತದೆ. ಮುಂದೆ ಒಂದು ಹನಿ ಬೀಳದಿದ್ದರೂ ಜೋಳ ತೆನೆ ಕಟ್ಟುವುದು ಆ ಹಸಿಯ ಮೇಲೆಯೇ.

ನಮಗೆ ವರ ಆದ ಮಳೆ ಪಕ್ಕದ ಸಿಂಧನೂರಿನಲ್ಲಿ ಶಾಪ. ನಮ್ಮ ಮಾವನವರದ್ದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಸೋನಾ ಮಸೂರಿ ಭತ್ತ. ನವೆಂಬರ್‌ನಲ್ಲಿ ತೆನೆ ಬಾಗಿದ ಹೊತ್ತಿಗೆ ಕೊಲ್ಲಿಯಿಂದ ಮಳೆ ಬಂದರೆ ಪೈರು ಮಲಗುತ್ತದೆ, ಕೊಯ್ಲಿನ ಟೈರ್ ಮಷೀನು ಗದ್ದೆಗೆ ಇಳಿಯುವುದಿಲ್ಲ, ಜಾಸ್ತಿ ಬಾಡಿಗೆ ಕೊಟ್ಟು ಚೈನ್ ಮಷೀನೇ ತರಿಸಬೇಕು. ಈಗ ಕುಸಿತದ ಸುದ್ದಿ ಕಂಡ ಕೂಡಲೇ ಅವರಿಗೆ ಫೋನ್ ಮಾಡುತ್ತೇನೆ. 'ಮಾವಾ, ಗದ್ದೆ ನೀರು ಬಸಿಯಲು ಬಿಡ್ರಿ, ಕೊಯ್ದದ್ದಿದ್ದರೆ ಮುಚ್ರಿ' ಅಂತ.

ನನ್ನ ತೊಗರಿಗೂ ಆಗ ಕಷ್ಟದ ಕಾಲ. ಹೂವಿನ ಮೇಲೆ ವಾರಗಟ್ಟಲೆ ಮೋಡ ಮುಸುಕಿದರೆ ಹೂ ಉದುರುತ್ತದೆ, ಕಾಯಿ ಕೊರಕ ಬೀಳುತ್ತದೆ. ಮೋಡ ಇರುವಾಗ ದಿನಾ ಬೆಳಿಗ್ಗೆ ಗಿಡ ಅಲುಗಾಡಿಸಿ ಹುಳ ನೋಡುತ್ತೇನೆ, ಮಳೆ ಬಿಡುವು ಕೊಟ್ಟ ಮೇಲಷ್ಟೇ ಔಷಧಿ ಹೊಡೆಯುತ್ತೇನೆ, ಇಲ್ಲದಿದ್ದರೆ ತೊಳೆದು ಹೋಗುತ್ತದೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಕಟ್ಟಿದ್ದರೆ, ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆಗೂ 14 ದಿನದ ತನಕ ಅಕಾಲಿಕ ಮಳೆ, ಚಂಡಮಾರುತದ ಮಳೆಯ ಹಾನಿಗೆ ಪರಿಹಾರ ಕೇಳಬಹುದು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ನೀರು ನಿಂತಿರುವಾಗಲೇ ಫೋಟೋ ತೆಗೆಯಿರಿ, ಸರ್ವೆ ನಂಬರ್ ಕೈಯಲ್ಲಿರಲಿ, ಅವತ್ತೇ ದೂರು ಬರೆಸಿ.