ಮೆಡಿಕಲ್ ಸೀಟು: ದುಡ್ಡು ಕಟ್ಟುವ ಮುಂಚೆ ನಾವು ನೋಡಿಕೊಂಡಿದ್ದು

ಮಗಳು ನೀಟ್ ಬರೆಯುವ ಮುಂಚೆಯೇ ನಾನು ಒಂದು ವಿಷಯ ಬಗೆಹರಿಸಿಕೊಂಡೆ. ಸರ್ಕಾರದ ಲೆಕ್ಕದಲ್ಲಿ ಅವಳು ಕರ್ನಾಟಕದವಳು ಹೌದೋ ಅಲ್ಲವೋ ಅನ್ನೋದು. ನಗಬೇಡಿ. ಮನೆಯಲ್ಲಿ ಮಾತು ಕನ್ನಡ, ಆಧಾರ್‌ನಲ್ಲಿರೋದು ಧಾರವಾಡದ ವಿಳಾಸ, ನಮ್ಮ ವೋಟೂ ಇಲ್ಲೇ. ಆದರೆ ನಮ್ಮವರ ಕೆಲಸದಿಂದಾಗಿ ಅವಳು ಒಂದರಿಂದ ಹತ್ತರವರೆಗೆ ಓದಿದ್ದು ಪುಣೆಯಲ್ಲಿ. ಧಾರವಾಡಕ್ಕೆ ಬಂದದ್ದು ಪಿಯುಸಿಗೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನೀವು ಎಲ್ಲಿ ವಾಸ ಮಾಡ್ತೀರಿ ಅಂತ ಮೊದಲು ಕೇಳೋದಿಲ್ಲ. ಎಲ್ಲಿ ಓದಿದಿರಿ ಅಂತ ಕೇಳುತ್ತದೆ. ಹೆಚ್ಚಿನವರು ಬರೋದು ನಿಯಮದ ‘ಎ’ ಕಲಮಿನಲ್ಲಿ: ಒಂದನೇ ತರಗತಿಯಿಂದ ಹನ್ನೆರಡರವರೆಗೆ ಒಟ್ಟು 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೇದೋ ಹನ್ನೆರಡನೇದೋ ಇಲ್ಲೇ ಪಾಸಾಗಿರಬೇಕು. ನಮ್ಮ ಮಗಳದ್ದು ಎರಡೇ ವರ್ಷ. ಅವಳಿಗೆ ಉಳಿದದ್ದು ‘ಬಿ’ ಕಲಮು. ಪಿಯುಸಿಯ ಎರಡೂ ವರ್ಷ ಇಲ್ಲಿ ಓದಿರಬೇಕು, ಜೊತೆಗೆ ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ನಮ್ಮವರ ಓದೆಲ್ಲ ಸೊಲ್ಲಾಪುರದಲ್ಲಿ ಆದದ್ದು. ಹಾಗಾಗಿ ಮಗಳ ಸೀಟಿಗೆ ನಾನು ಓದಿದ ಕನ್ನಡ ಶಾಲೆಯ ದಾಖಲೆಯೇ ಬೇಕಾಯಿತು.

ರೋಣದ ಕಡೆಯ ನಮ್ಮೂರ ಶಾಲೆಗೆ ಹೋದೆ. ಹೆಡ್‌ಮಾಸ್ತರರು ನನಗಿಂತ ಸಣ್ಣವರು. ‘ಯಾವ ಇಸವಿ ಅಕ್ಕಾರ?’ ಅಂತ ಕೇಳಿ, ಕಬ್ಬಿಣದ ಅಲಮಾರಿಯಿಂದ ಉದ್ದನೆಯ ದಾಖಲಾತಿ ರಿಜಿಸ್ಟರ್ ತೆಗೆದರು. ಹಾಳೆಯ ಅಂಚು ಮುಟ್ಟಿದರೆ ಉದುರುವಂತಿತ್ತು. ನನ್ನ ಹೆಸರು ಸಿಕ್ಕಿತು, ಮುಂದೆ ಅಪ್ಪನ ಹೆಸರು, ತವರಿನ ಅಡ್ಡಹೆಸರು. ಈಗ ನನ್ನ ಆಧಾರ್‌ನಲ್ಲಿರೋದು ಗಂಡನ ಮನೆಯ ಅಡ್ಡಹೆಸರು. ಎರಡೂ ಹೆಸರು ಒಬ್ಬಳದ್ದೇನಾ ಅಂತ ಯಾರಾದರೂ ತಕರಾರು ತೆಗೆಯುವ ಮೊದಲೇ ಇರಲಿ ಅಂತ ಮದುವೆ ನೋಂದಣಿ ಪತ್ರ, ನೋಟರಿ ಅಫಿಡವಿಟ್ ಎರಡನ್ನೂ ಜೊತೆಗಿಟ್ಟೆ. ವ್ಯಾಸಂಗ ಪ್ರಮಾಣ ಪತ್ರದ ಮೇಲೆ ಹೆಡ್‌ಮಾಸ್ತರರ ಸಹಿ ಇದ್ದರಷ್ಟೇ ಸಾಲದು, ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಕಚೇರಿಯ ಮೇಲುಸಹಿಯೂ ಬೇಕು. ಇದನ್ನು ಬೇಸಿಗೆ ರಜೆಯೊಳಗೆ ಮುಗಿಸಿಕೊಳ್ಳಿ. ಫಲಿತಾಂಶ ಬಂದ ಮೇಲೆ ಎಲ್ಲರೂ ಒಮ್ಮೆಲೇ ಆ ಕಚೇರಿಗೆ ನುಗ್ಗುತ್ತಾರೆ.

ಅಕ್ಕಲಕೋಟೆಯಲ್ಲಿರುವ ನನ್ನ ನಾದಿನಿಯ ಮಗನದ್ದು ಬೇರೆಯೇ ದಾರಿ. ಅಕ್ಕಲಕೋಟೆ, ಜತ್ತ, ಕಾಸರಗೋಡು, ಮಂಜೇಶ್ವರ ಇಂಥ ತಾಲೂಕುಗಳಲ್ಲಿ ಓದಿದ ಕನ್ನಡ, ತುಳು, ಕೊಡವ ಮನೆಮಾತಿನ ಮಕ್ಕಳಿಗೆ ಗಡಿನಾಡು ಕನ್ನಡಿಗರು ಅಂತ ಪ್ರತ್ಯೇಕ ಅವಕಾಶ ಇದೆ. ಅವರು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಮರಾಠಿ ಶಾಲೆಯಲ್ಲಿ ಓದಿದ ಹುಡುಗ, ಒತ್ತಕ್ಷರ ಕಲಿಯೋಕೆ ಅಜ್ಜಿ ಮುಂದೆ ಕೂತಿದ್ದ.

ಈ ಕಲಮುಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ದುಡ್ಡಿಗಾಗಿ. ನಾವು ನೋಡುವಾಗ ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟು ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನಲ್ಲಿರುವ ಸರ್ಕಾರಿ ಸೀಟು ಒಂದೂವರೆ ಲಕ್ಷದ ಸುಮಾರು. ಅದೇ ಕಾಲೇಜಿನ ಅದೇ ಬೆಂಚಿನ ಖಾಸಗಿ ಸೀಟು ಹನ್ನೆರಡು ಲಕ್ಷದ ಹತ್ತಿರ. ಎನ್‌ಆರ್‌ಐ ಸೀಟಿನ ಮಾತು ಬಿಡಿ, ನಮ್ಮಂಥವರು ಆ ಸಾಲು ಓದಲೂಬಾರದು. ಕೆಇಎ ಹಂಚುವ ಸರ್ಕಾರಿ ಸೀಟುಗಳು ಕರ್ನಾಟಕದ ಅರ್ಹತೆ ಇದ್ದವರಿಗೆ ಮಾತ್ರ. ಖಾಸಗಿ ಸೀಟಿಗೆ ದೇಶದ ಯಾವ ಮೂಲೆಯವರೂ ಬರಬಹುದು.

ಊರು ನೋಡಿ ಶುಲ್ಕ ಹಾಕೋದು ಹೊಸದೇನಲ್ಲ. 1989ರಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ವಾರ್ಷಿಕ ಶುಲ್ಕ ಗೊತ್ತುಮಾಡಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ಮೀರತ್‌ನ ಮೋಹಿನಿ ಜೈನ್ ಇದನ್ನೇ ಸುಪ್ರೀಂ ಕೋರ್ಟಿಗೆ ಒಯ್ದು 1992ರಲ್ಲಿ ಗೆದ್ದರು. ಮರುವರ್ಷವೇ ಇನ್ನೊಂದು ತೀರ್ಪಿನಲ್ಲಿ ಖಾಸಗಿ ಕಾಲೇಜಿನ ಹೆಚ್ಚಿನ ಶುಲ್ಕಕ್ಕೆ ದಾರಿ ತೆರೆಯಿತು ಅನ್ನೋದು ಬೇರೆ ಕಥೆ.

ಕೌನ್ಸೆಲಿಂಗ್ ಎರಡು ಕಡೆ ನಡೆಯುತ್ತದೆ. ದಿಲ್ಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ನಡೆಸೋದು ಎಲ್ಲ ರಾಜ್ಯಗಳ ಸರ್ಕಾರಿ ಕಾಲೇಜುಗಳ ಶೇ 15 ಸೀಟುಗಳಿಗೆ (ಇದೇ ಅಖಿಲ ಭಾರತ ಕೋಟಾ) ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳಿಗೆ. ಅಲ್ಲಿ ನೀವು ಯಾವ ರಾಜ್ಯದವರು ಅನ್ನೋದು ಲೆಕ್ಕಕ್ಕಿಲ್ಲ. ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರು ವಾಪಸ್ ಬಾರದ 1,000 ಮತ್ತು ವಾಪಸ್ ಬರುವ 10,000 ಕಟ್ಟಬೇಕು. ಡೀಮ್ಡ್ ಬೇಕೆಂದರೆ ಅದು 5,000 ಮತ್ತು 2 ಲಕ್ಷ. ಡೀಮ್ಡ್ ಶುಲ್ಕ ನಮ್ಮ ಕೈಗೆ ಎಟುಕೋದಿಲ್ಲ ಅಂತ ಗೊತ್ತಿದ್ದೂ, ‘ಇರಲಿ, ಸುಮ್ನೆ ನೋಡೋಣ’ ಅಂತ 2 ಲಕ್ಷ ಸಿಕ್ಕಿಸಿಡೋದು ನನಗೆ ಸರಿ ಕಾಣಲಿಲ್ಲ. ಮಗಳು ಮುಖ ಊದಿಸಿದಳು. ನಾನು ಒಪ್ಪಲಿಲ್ಲ.

ವಾಪಸ್ ಬರೋ ದುಡ್ಡು ನೀವು ಯಾವ ಕಾರ್ಡು ಅಥವಾ ಖಾತೆಯಿಂದ ಕಟ್ಟಿದಿರೋ ಅದಕ್ಕೇ ಹೋಗುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಸೈಬರ್ ಸೆಂಟರ್‌ನವನ ಕಾರ್ಡಿನಿಂದ ಕಟ್ಟಿಸಿದ್ದ. ಠೇವಣಿ ವಾಪಸ್ ಬಂದಾಗ ಆ ಅಂಗಡಿಯೇ ಬಾಗಿಲು ಹಾಕಿತ್ತು. ನಾನು ಪ್ರತಿ ರೂಪಾಯಿಯನ್ನೂ ನನ್ನ ಒಂದೇ ಖಾತೆಯಿಂದ ನೆಟ್ ಬ್ಯಾಂಕಿಂಗ್ ಮಾಡಿದೆ. ಅದೇ ಖಾತೆಯ ಪಾಸ್‌ಬುಕ್ ಕೌನ್ಸೆಲಿಂಗ್ ಮುಗಿಯುವವರೆಗೆ ಫೈಲಿನ ಮೇಲೆಯೇ ಇತ್ತು.

ಎಂಸಿಸಿಯಲ್ಲಿ ಮೊದಲ ಸುತ್ತಿನ ಸೀಟು ಬೇಡ ಅಂದರೆ ಠೇವಣಿಗೆ ಏನೂ ಆಗೋದಿಲ್ಲ. ಎರಡನೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಠೇವಣಿ ಹೋಯಿತು. ಅಂದರೆ ಇಷ್ಟು ದಿನದೊಳಗೆ ಬಿಟ್ಟರೆ ಇಷ್ಟು ವಾಪಸ್ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ, ಸುತ್ತು ಯಾವುದು ಅನ್ನೋದೇ ಮುಖ್ಯ. ಎರಡನೇ ಸುತ್ತಿಗೆ ನಾವು ಹಾಕಿದ್ದು, ಸಿಕ್ಕರೆ ಮರುದಿನವೇ ರೈಲು ಹತ್ತುತ್ತೇವೆ ಅನ್ನುವಂಥ ಕಾಲೇಜುಗಳನ್ನು ಮಾತ್ರ. ಒಂದೂ ಸಿಗಲಿಲ್ಲ, ಹತ್ತು ಸಾವಿರ ಕೊನೆಗೆ ಖಾತೆಗೆ ಬಂತು.

ಕೆಇಎಯಲ್ಲಿ ಮೊದಲ ಸುತ್ತಿಗೆ ಸಿಕ್ಕದ್ದು ಖಾಸಗಿ ಸೀಟು, ಅದೇ ಹನ್ನೆರಡು ಲಕ್ಷದ್ದು. ಮುಂದೆ ಚಾಯ್ಸ್ ಕೊಡಬೇಕು. ಒಂದನೇದು ಅಂದರೆ ಇದೇ ಸಾಕು. ಎರಡನೇದು ಅಂದರೆ ಇದು ಕೈಯಲ್ಲಿರಲಿ, ಇನ್ನೂ ಒಳ್ಳೇದು ಸಿಗುತ್ತಾ ನೋಡ್ತೀನಿ. ಮೂರನೇದು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಇರ್ತೀನಿ. ನಾಲ್ಕನೇದು ಅಂದರೆ ನಮಸ್ಕಾರ. ನಾವು ಚಾಯ್ಸ್ ಎರಡು ಕೊಟ್ಟೆವು. ನಮ್ಮ ವರ್ಷದ ಸೂಚನೆ ಪ್ರಕಾರ ಅದಕ್ಕೂ ಪೂರ್ತಿ ಶುಲ್ಕ ಕಟ್ಟಿ, ಮೂಲ ದಾಖಲೆ ಒಪ್ಪಿಸಬೇಕಿತ್ತು.

ಹನ್ನೆರಡು ಲಕ್ಷ ಎಲ್ಲಿಂದ ಬರಬೇಕು? ಕಟ್ಟೋಕೆ ಸಿಗೋ ಕಾಲ ಕೆಲವೇ ದಿನ. ಅಷ್ಟರಲ್ಲಿ ಯಾವ ಬ್ಯಾಂಕೂ ಶಿಕ್ಷಣ ಸಾಲ ಮಂಜೂರು ಮಾಡೋದಿಲ್ಲ. ಏಳೂವರೆ ಲಕ್ಷದ ಮೇಲಾದರೆ ಸಾಮಾನ್ಯವಾಗಿ ಅಡಮಾನವನ್ನೂ ಕೇಳುತ್ತಾರೆ. ನಾವು ಎಫ್‌ಡಿ ಮೇಲೆ ಸ್ವಲ್ಪ, ಬಂಗಾರದ ಮೇಲೆ ಉಳಿದದ್ದು ತೆಗೆದೆವು. ಬ್ಯಾಂಕಿನಲ್ಲಿ ಪಾಟ್ಲಿ ತೂಗುವಾಗ ಅತ್ತೆಯವರು ‘ಇದು ಬಿಡಿಸಿಕೊಳ್ಳೋ ದಿನ ಹೇಳು’ ಅಂದರು. ಅಲ್ಲೇ ಲೆಕ್ಕ ಹಾಕಿದೆ. ಶೇ 9ರ ಬಡ್ಡಿ ಹಿಡಿದರೂ ಹನ್ನೆರಡು ಲಕ್ಷಕ್ಕೆ ತಿಂಗಳಿಗೆ 9,000. ನಮಗೆ ವಾಪಸ್ ಬರೋ ದುಡ್ಡಿಗೆ ಮಾತ್ರ ಬಡ್ಡಿ ಇಲ್ಲ. ಹೀಗಾಗಿ ಚಾಯ್ಸ್ ಎರಡು ಪುಕ್ಕಟೆ ಅಲ್ಲ. ಮುಂದಿನ ಸುತ್ತಿನಲ್ಲಿ ಮೇಲೆ ಹೋಗೋ ಸಾಧ್ಯತೆ ನಿಜಕ್ಕೂ ಇದ್ದರೆ ಮಾತ್ರ ಅದು ಲಾಭ. ಹಿಂದಿನ ವರ್ಷಗಳ ಕಟ್‌ಆಫ್ ಸುತ್ತಿನ ಪ್ರಕಾರ ಬಿಡಿಸಿ ನೋಡಿದ್ದೆವು, ಮಗಳ ರ‍್ಯಾಂಕ್ ಅಂಚಿನಲ್ಲೇ ಇತ್ತು.

ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬೋದು, ಮಾಡುವಾಗ ಒಂದೇ ಕಾಲೇಜು ಸರ್ಕಾರಿ ಶುಲ್ಕ, ಖಾಸಗಿ ಶುಲ್ಕ ಅಂತ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಹೆಸರು ಮಾತ್ರ ನೋಡಿ ಕ್ಲಿಕ್ ಮಾಡಬಾರದು. ನಾವು ಸರ್ಕಾರಿ ಶುಲ್ಕದ ಸಾಲುಗಳನ್ನೆಲ್ಲ, ದೂರದ ಊರಿನವು ಸೇರಿ, ಮೇಲಿಟ್ಟೆವು. ಊರು ಬೀದರ್ ಆದರೇನು, ಬಸ್ ಇದೆಯಲ್ವಾ? ಎರಡನೇ ಸುತ್ತಿನಲ್ಲಿ ಒಂದು ಖಾಸಗಿ ಕಾಲೇಜಿನ ಸರ್ಕಾರಿ ಸೀಟು ಸಿಕ್ಕಿತು. ಹೆಚ್ಚು ಕಟ್ಟಿದ ದುಡ್ಡು ದೀಪಾವಳಿ ಕಳೆದ ಮೇಲೆ ಖಾತೆಗೆ ಬಂತು. ಪಾಟ್ಲಿ ಮರುದಿನವೇ ಬಿಡಿಸಿದೆವು.

ಸೇರುವ ದಿನ ಕಾಲೇಜಿನ ಕಚೇರಿಯಲ್ಲಿ ಇನ್ನೊಂದು ಪಟ್ಟಿ ಬಂತು. ಹಾಸ್ಟೆಲ್, ವಿಶ್ವವಿದ್ಯಾಲಯದ ಶುಲ್ಕ, ಕಾಷನ್ ಡೆಪಾಸಿಟ್, ‘ಇತರೆ’. ಇದರ ಜೊತೆಗೆ ಉಳಿದ ವರ್ಷಗಳ ಶುಲ್ಕಕ್ಕೆ ತಾರೀಕಿಲ್ಲದ ಚೆಕ್‌ಗಳನ್ನೂ ಕೇಳಿದರು. ನಮ್ಮವರು ಇಸ್ಲಾಮಿಕ್ ಅಕಾಡೆಮಿ ಪ್ರಕರಣದ 2003ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ ಒಯ್ದಿದ್ದರು. ಒಂದು ವರ್ಷದ್ದೋ ಸೆಮಿಸ್ಟರ್‌ನದ್ದೋ ಶುಲ್ಕ ಮಾತ್ರ ತೆಗೆದುಕೊಳ್ಳಬೇಕು, ವಿದ್ಯಾರ್ಥಿ ನಡುವೆ ಬಿಟ್ಟುಹೋಗುವ ಭಯವಿದ್ದರೆ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಅಂತ ಅದರಲ್ಲಿದೆ. ಗುಮಾಸ್ತರು ಓದಿ ಒಳಗೆ ಹೋದರು. ಹೊರಗೆ ಬಂದು ‘ಬಾಂಡ್ ಕೊಡ್ರಿ ಸಾಕು’ ಅಂದರು. ‘ಇತರೆ’ ಅಂದರೆ ಏನು ಅಂತ ಬಿಡಿಸಿ ಬರೆಸಿಕೊಂಡು, ಪ್ರತಿಯೊಂದಕ್ಕೂ ಪ್ರತ್ಯೇಕ ರಸೀದಿ ಪಡೆದೆವು. ಕಾಷನ್ ಡೆಪಾಸಿಟ್‌ನ ರಸೀದಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ವಾಪಸ್ ಪಡೆಯುವಾಗ ಅದರ ಹಿಂದೆ ಸಹಿ ಮಾಡಬೇಕಾಗಬಹುದು.

ಮೊದಲ ವರ್ಷದ ಶುಲ್ಕ ಕೆಇಎಗೆ ಹೋಗುತ್ತದೆ, ಎರಡನೇ ವರ್ಷದಿಂದ ನೇರ ಕಾಲೇಜಿಗೆ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಐದನೇ ವರ್ಷದ ಹೆಸರಿನಲ್ಲಿ ಪೂರ್ತಿ ಶುಲ್ಕ ಕೇಳ್ತಾರಾ ಅಂತ ಈಗಲೇ ಸೀನಿಯರ್‌ಗಳ ಮನೆಯವರ ಹತ್ತಿರ ವಿಚಾರಿಸುತ್ತಿದ್ದೇನೆ. ಈ ಸಲದ ನೋಟಿಸಿನಲ್ಲಿ ಹೊಸದೊಂದು ‘ಅಭಿವೃದ್ಧಿ ಶುಲ್ಕ’ ಸೇರಿದೆ. ಯಾವ ಆದೇಶದ ಪ್ರಕಾರ ಅಂತ ಪತ್ರ ಬರೆದಿದ್ದೇವೆ. ಒಂದು ಪ್ರತಿ ಶುಲ್ಕ ನಿಯಂತ್ರಣ ಸಮಿತಿಗೂ ಹೋಗಿದೆ. ಬೋಧನಾ ಶುಲ್ಕ ಕಟ್ಟಿಯಾಗಿದೆ, ಅಭಿವೃದ್ಧಿಯದ್ದು ಉತ್ತರ ಬಂದ ಮೇಲೆ.